ಹಳೆಯ ವಸತಿವಾಹನಗಳಲ್ಲಿ ಬ್ಯಾಟರಿಯ ಪೂರಣವ್ಯವಸ್ಥೆ

ಚಿತ್ರದುರ್ಗಕ್ಕೂ ದಾವಣಗೆರೆಗೂ ನಡುವೆ, ಬೆಂಗಳೂರು–ಪುಣೆ ಹೆದ್ದಾರಿಯ ಮೇಲಿರುವ ಭರಮಸಾಗರವನ್ನು ಹೆಚ್ಚಿನ ಪ್ರಯಾಣಿಕರು ಬಲ್ಲದ್ದು ದಾರಿಯಲ್ಲಿ ಸಿಕ್ಕುವ ಒಂದು ಊರೆಂದು ಮಾತ್ರ. ದುರ್ಗದ ಪಾಳೆಯಗಾರ ಭರಮಣ್ಣನಾಯಕನ ಹೆಸರನ್ನು ಹೊತ್ತ, ಮಳೆಯನ್ನೇ ನಂಬಿದ್ದ ಅಲ್ಲಿನ ದೊಡ್ಡ ಕೆರೆಗೆ 2021ರಲ್ಲಿ ಏತ ನೀರಾವರಿಯ ಮೂಲಕ ತುಂಗಭದ್ರೆಯ ನೀರು ಬಂದಿತು. ಅಂತರ್ಜಲದ ಗುಣವನ್ನು ಪರೀಕ್ಷಿಸುವವರಿಗೆ ಈ ಸೀಮೆ ಬಹುಕಾಲದಿಂದ ಪರಿಚಿತವಾದುದು. ನಾವೂ ಅದೇ ಕಾರ್ಯಕ್ಕಾಗಿ ಅಲ್ಲಿಗೆ ಹೋದವರು. ಆದರೆ ಪ್ರಕೃತ ಲೇಖನದ ವಿಷಯ ನೀರಲ್ಲ. ನಮ್ಮನ್ನು ಅಲ್ಲಿಗೆ ಕರೆದೊಯ್ದ ವಾಹನದ ಬ್ಯಾಟರಿ.

ಮನುಷ್ಯರು ಕೆಲವು ದಿನ ವಾಸಮಾಡುವಂತೆ ಅಣಿಗೊಳಿಸಿದ ಮೋಟಾರುವಾಹನವನ್ನು ಇಲ್ಲಿ ನಾವು ವಸತಿವಾಹನವೆಂದು ಕರೆಯುತ್ತೇವೆ. ಪಾಶ್ಚಾತ್ಯ ದೇಶಗಳಲ್ಲಿ ಇದು ವಿಹಾರಕ್ಕೆ ಹೊರಟ ಕುಟುಂಬಗಳ ವಾಹನ. ನಮ್ಮಲ್ಲಿ ಅದರ ರೂಪಗಳು ಬೇರೆ: ಸಿನಿಮಾ ಚಿತ್ರೀಕರಣದ ಸ್ಥಳಗಳಲ್ಲಿ ನಿಲ್ಲುವ ಕ್ಯಾರವಾನ್, ಸಂಚಾರಿ ಚಿಕಿತ್ಸಾಲಯ, ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವು ಹಳ್ಳಿಯ ಶಾಲೆಗಳಿಗೆ ಕಳುಹಿಸುವ ವಿಜ್ಞಾನ ಪ್ರದರ್ಶನದ ಬಸ್ಸು, ಕೊಳವೆಬಾವಿ ಕೊರೆಯುವ ಯಂತ್ರದ ಬೆನ್ನಿಗೆ ಬಂದು ಕೆಲಸಗಾರರಿಗೆ ಅಡಿಗೆಮನೆಯೂ ಮಲಗುವ ಮನೆಯೂ ಆಗುವ ಲಾರಿ. ಕಾಲೇಜುಗಳ ಕ್ಷೇತ್ರಕಾರ್ಯದ ಹಳೆಯ ವ್ಯಾನೂ ಇದೇ ಜಾತಿಗೆ ಸೇರಿದ್ದು. ಇವೆಲ್ಲಕ್ಕೂ ಸಮಾನವಾದ ಲಕ್ಷಣವೊಂದುಂಟು. ಎಂಜಿನನ್ನು ಚಾಲೂ ಮಾಡುವ ಬ್ಯಾಟರಿಯಲ್ಲದೆ, ಒಳಗಿನ ದೀಪ, ಫ್ಯಾನು, ಶೀತಪೆಟ್ಟಿಗೆಗಳಿಗಾಗಿ ಎರಡನೆಯ ಬ್ಯಾಟರಿಯೊಂದು ಇವುಗಳಲ್ಲಿ ಇರುತ್ತದೆ. ತೊಂದರೆಯೆಲ್ಲ ಈ ಎರಡನೆಯದರದು.

ನಮ್ಮ ವಾಹನ ಹಳೆಯ ಮಿನಿಬಸ್ಸೊಂದನ್ನು ಮಾರ್ಪಡಿಸಿದ್ದು. ಒಂದು ಏಪ್ರಿಲಿನಲ್ಲಿ ಭರಮಸಾಗರದ ಹೊರವಲಯದಲ್ಲಿ ರಾತ್ರಿ ತಂಗಿದ್ದೆವು. ಬೆಳಗಿನ ಜಾವಕ್ಕೆ ಫ್ಯಾನು ನಿಂತಿತು. ಶೀತಪೆಟ್ಟಿಗೆ ಯಾವಾಗ ನಿಂತಿತೋ ಯಾರಿಗೂ ತಿಳಿಯದು. ಅದರಲ್ಲಿದ್ದದ್ದು ಒಂದು ದಿನವಿಡೀ ಬಾವಿಯಿಂದ ಬಾವಿಗೆ ಅಲೆದು ವಿದ್ಯಾರ್ಥಿಗಳು ತುಂಬಿಕೊಂಡ ನೀರಿನ ಮಾದರಿಗಳು. ಫ್ಲೋರೈಡನ್ನು ಅಳೆಯಲು ನೀರು ತಣ್ಣಗಿರಬೇಕೆಂಬ ನಿಯಮವಿಲ್ಲ; ಆದರೆ ನೈಟ್ರೇಟು ಮತ್ತು ಸೂಕ್ಷ್ಮಜೀವಿಗಳ ಪರೀಕ್ಷೆಗೆ ಮಾದರಿಯು 4 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಹೀಗಾಗಿ ಅರ್ಧ ಕೆಲಸ ವ್ಯರ್ಥವಾಯಿತು. ಆ ಬ್ಯಾಟರಿ ಕೊಂಡು ಏಳು ತಿಂಗಳೂ ಆಗಿರಲಿಲ್ಲ. ಅದಕ್ಕೆ ಮುಂಚಿನದೂ ವರ್ಷ ತುಂಬುವುದರೊಳಗೆ ಹೋಗಿತ್ತು. ಬ್ಯಾಟರಿ ಮಾರಿದವರು ಆಲ್ಟರ್ನೇಟರಿನ ದೋಷವೆಂದರು. ಆಲ್ಟರ್ನೇಟರನ್ನು ಬಿಚ್ಚಿ ನೋಡಿದ ಮಿಸ್ತ್ರಿ ಅದು ಸರಿಯಾಗಿದೆ, ಬ್ಯಾಟರಿಯೇ ಕಳಪೆಯೆಂದರು. ಇಬ್ಬರ ಮಾತೂ ತಪ್ಪಾಗಿತ್ತು. ಅದನ್ನು ಕಂಡುಕೊಳ್ಳಲು ನಮಗೆ ಬೇಕಾದದ್ದು ಒಂದು ವೋಲ್ಟ್‌ಮಾಪಕ ಮತ್ತು ಒಂದು ಹೈಡ್ರೋಮೀಟರು ಅಷ್ಟೆ. ಭೌತಶಾಸ್ತ್ರದ ಪಾಠವನ್ನು ವರ್ಷವರ್ಷವೂ ಹೇಳುವ ನಾವು ಆ ಎರಡು ಉಪಕರಣಗಳನ್ನು ಕೈಗೆತ್ತಿಕೊಳ್ಳಲು ಎರಡು ಬ್ಯಾಟರಿಗಳ ಬೆಲೆಯನ್ನು ತೆರಬೇಕಾಯಿತೆಂಬುದು ನಾಚಿಕೆಯ ಸಂಗತಿಯೇ ಸರಿ.

ಮೊದಲು ಬ್ಯಾಟರಿಯ ಒಳಗೆ ನಡೆಯುವುದೇನೆಂಬುದನ್ನು ಸಂಕ್ಷೇಪವಾಗಿ ನೆನಪಿಗೆ ತಂದುಕೊಳ್ಳೋಣ. ಸೀಸ–ಆಮ್ಲ ಕೋಶವನ್ನು 1859ರಲ್ಲಿ ರಚಿಸಿದವನು ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ. 1881ರಲ್ಲಿ ಕಮೀಲ್ ಫೋರ್ ಎಂಬಾತ ಸೀಸದ ಹಾಳೆಗಳ ಮೇಲೆ ಸೀಸದ ಆಕ್ಸೈಡಿನ ಲೇಪವನ್ನು ಬಳಿದು ಅದನ್ನು ವ್ಯವಹಾರಯೋಗ್ಯವಾಗಿ ಮಾಡಿದನು. ಮರುವರ್ಷವೇ ಗ್ಲ್ಯಾಡ್‌ಸ್ಟನ್ ಮತ್ತು ಟ್ರೈಬ್ ಎಂಬ ಇಂಗ್ಲಿಷ್ ರಸಾಯನಜ್ಞರು ಅದರ ಕ್ರಿಯೆಯನ್ನು ವಿವರಿಸಿದರು; ಆ ವಿವರಣೆ ಮೂಲತಃ ಇಂದಿಗೂ ಮಾನ್ಯವಾಗಿದೆ. ಧನಫಲಕದಲ್ಲಿ ಸೀಸದ ಡೈಆಕ್ಸೈಡು, ಋಣಫಲಕದಲ್ಲಿ ಸರಂಧ್ರವಾದ ಸೀಸ, ಎರಡರ ನಡುವೆ ನೀರು ಬೆರೆತ ಗಂಧಕಾಮ್ಲ. ಬ್ಯಾಟರಿ ವಿದ್ಯುತ್ತನ್ನು ಕೊಡುವಾಗ ಎರಡು ಫಲಕಗಳೂ ಸೀಸದ ಸಲ್ಫೇಟಾಗಿ ಮಾರ್ಪಡುತ್ತವೆ. ಆಮ್ಲ ವ್ಯಯವಾಗಿ ನೀರು ಉತ್ಪನ್ನವಾಗುವುದರಿಂದ ದ್ರಾವಣ ತೆಳುವಾಗುತ್ತದೆ. ಪ್ರವಾಹವನ್ನು ಹಿಮ್ಮುಖವಾಗಿ ಹಾಯಿಸಿದರೆ ಸಲ್ಫೇಟು ಕರಗಿ ಮೊದಲಿನ ಸ್ಥಿತಿ ಮರಳುತ್ತದೆ. ರೂಢಿಯಲ್ಲಿ ಚಾರ್ಜು ಮಾಡುವುದು ಎನ್ನುವ ಈ ಕ್ರಿಯೆಯನ್ನೇ ನಾವು ಪೂರಣವೆನ್ನುತ್ತೇವೆ.

ಆಮ್ಲದ ಸಾಂದ್ರತೆಯೇ ಬ್ಯಾಟರಿಯ ಹೊಟ್ಟೆಯ ಲೆಕ್ಕವನ್ನು ಹೇಳುತ್ತದೆ. ಪೂರ್ತಿ ತುಂಬಿದ ಕೋಶದಲ್ಲಿ ಹೈಡ್ರೋಮೀಟರು 1.250ರಿಂದ 1.280ರವರೆಗೆ ತೋರಿಸುತ್ತದೆ, ಬರಿದಾದಾಗ 1.120ರ ಸಮೀಪಕ್ಕೆ ಇಳಿಯುತ್ತದೆ. ಈ ಅಂಕಿಗಳು 27 ಡಿಗ್ರಿ ಸೆಲ್ಸಿಯಸಿನವು. ದ್ರಾವಣ ಬಿಸಿಯಾದಷ್ಟೂ ಹಿಗ್ಗಿ ಹಗುರವಾಗುವುದರಿಂದ, ಪ್ರತಿ 10 ಡಿಗ್ರಿ ಹೆಚ್ಚಿದ್ದಕ್ಕೆ ಓದಿದ ಅಂಕಿಗೆ ಸುಮಾರು 0.007ನ್ನು ಕೂಡಿಸಬೇಕು. ಬೇಸಗೆಯ ಮಧ್ಯಾಹ್ನ ದ್ರಾವಣ 42 ಡಿಗ್ರಿಯಲ್ಲಿರುವಾಗ 1.240 ಎಂದು ಕಂಡದ್ದು ನಿಜವಾಗಿ 1.250. ಎರಡನೆಯ ಅಳತೆ ವಿದ್ಯುದೊತ್ತಡದ್ದು. ಕೆಲವು ಗಂಟೆ ಏನನ್ನೂ ಕೊಡದೆ, ಕೊಳ್ಳದೆ ವಿಶ್ರಾಂತಿಯಲ್ಲಿದ್ದ 12 ವೋಲ್ಟಿನ ಬ್ಯಾಟರಿಯು ತುಂಬಿದ್ದರೆ 12.7, ಅರ್ಧವಿದ್ದರೆ 12.2, ಬರಿದಾಗಿದ್ದರೆ 11.8 ವೋಲ್ಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ‘12 ವೋಲ್ಟ್ ಇದೆಯಲ್ಲ, ಸರಿಯಾಗಿದೆ’ ಎಂದು ರಸ್ತೆಬದಿಯಲ್ಲಿ ಹೇಳುವುದನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ವಿಶ್ರಾಂತಿಯ ಬಳಿಕವೂ ಬರಿಯ 12 ವೋಲ್ಟ್ ಇರುವ ಬ್ಯಾಟರಿಯಲ್ಲಿ ಉಳಿದಿರುವುದು ಕಾಲುಭಾಗ ಮಾತ್ರ.

ಫಲಕಗಳ ಮೇಲೆ ಹೊಸದಾಗಿ ಹುಟ್ಟಿದ ಸಲ್ಫೇಟು ನುಣ್ಣನೆಯ ಸಣ್ಣ ಹರಳುಗಳ ರೂಪದಲ್ಲಿರುತ್ತದೆ. ಪೂರಣದಲ್ಲಿ ಸುಲಭವಾಗಿ ಕರಗುತ್ತದೆ. ಅದನ್ನು ದಿನಗಟ್ಟಲೆ ಹಾಗೆಯೇ ಬಿಟ್ಟರೆ ಸಣ್ಣ ಹರಳುಗಳು ಕರಗಿ ದೊಡ್ಡ ಹರಳುಗಳ ಮೇಲೆ ಕೂಡಿಕೊಂಡು ಗಟ್ಟಿಯಾಗುತ್ತವೆ. ಅನಂತರ ಎಷ್ಟು ಪೂರಣ ಮಾಡಿದರೂ ಆ ಭಾಗ ಮರಳಿ ಬರುವುದಿಲ್ಲ. ಇದಕ್ಕೆ ಸಲ್ಫೇಟುಗಟ್ಟುವಿಕೆಯೆಂದು ಹೆಸರು. ಹೀಗೆ ಅರೆಹೊಟ್ಟೆಯಲ್ಲಿ ಬಹುಕಾಲ ಇಟ್ಟರೆ ಬ್ಯಾಟರಿ ಸಾಯುತ್ತದೆ. ತುಂಬಿದ ಮೇಲೂ ಪ್ರವಾಹವನ್ನು ಬಲವಂತವಾಗಿ ನುಗ್ಗಿಸುತ್ತಿದ್ದರೆ ಇನ್ನೊಂದು ಬಗೆಯ ಮರಣ: ಪ್ರವಾಹವು ನೀರನ್ನು ಜಲಜನಕ ಮತ್ತು ಆಮ್ಲಜನಕಗಳಾಗಿ ಒಡೆಯುತ್ತದೆ, ಧನಫಲಕದ ಸೀಸದ ಚೌಕಟ್ಟು ಸವೆಯುತ್ತದೆ, ದ್ರಾವಣದ ಮಟ್ಟ ಇಳಿದು ಫಲಕಗಳು ಬತ್ತಲಾಗುತ್ತವೆ. ನಮ್ಮ ವಾಹನದ ಎರಡನೆಯ ಬ್ಯಾಟರಿ ಓಡುವಾಗ ಹಸಿವಿನಿಂದಲೂ ನಿಂತಾಗ ಅಜೀರ್ಣದಿಂದಲೂ, ಅಂದರೆ ಎರಡೂ ಕಾರಣಗಳಿಂದ ಏಕಕಾಲದಲ್ಲಿ ಸಾಯುತ್ತಿತ್ತು. ಹಳೆಯ ವಸತಿವಾಹನಗಳಲ್ಲಿ ಇದು ಸಾಮಾನ್ಯವಾದುದೆಂದು ನಮ್ಮ ಅಭಿಪ್ರಾಯ. ಎರಡನ್ನೂ ಕ್ರಮವಾಗಿ ವಿಚಾರಮಾಡೋಣ.

ಓಡುವ ವಾಹನದಲ್ಲಿ ವಿದ್ಯುತ್ತನ್ನು ಹುಟ್ಟಿಸುವುದು ಆಲ್ಟರ್ನೇಟರು. ಅದಕ್ಕೆ ಹಿಂದಿನ ಕಾಲದ ವಾಹನಗಳಲ್ಲಿ ಡೈನಮೊ ಇರುತ್ತಿತ್ತು. ಎಂಜಿನು ನಿಧಾನವಾಗಿ ತಿರುಗುವಾಗ ಡೈನಮೊ ಬಹುಮಟ್ಟಿಗೆ ನಿಷ್ಪ್ರಯೋಜಕ. ಬ್ಯಾಟರಿಯಿಂದ ಪ್ರವಾಹ ಹಿಂದಕ್ಕೆ ಹರಿಯದಂತೆ ತಡೆಯಲು ಅದರ ಜೊತೆ ಕಟೌಟ್ ಎಂಬ ಸಾಧನವೂ ಬೇಕಾಗುತ್ತಿತ್ತು. ಆಲ್ಟರ್ನೇಟರಿನಲ್ಲಿ ನಡುವೆ ತಿರುಗುವ ವಿದ್ಯುತ್ಕಾಂತಕ್ಕೆ ಎರಡು ಬ್ರಷ್ಷುಗಳ ಮೂಲಕ ಸಣ್ಣ ಪ್ರವಾಹ ಹರಿಯುತ್ತದೆ. ಸುತ್ತಲಿನ ಸ್ಥಿರಸುರುಳಿಗಳಲ್ಲಿ ಹುಟ್ಟುವ ಮೂರು ಹಂತದ ಪರ್ಯಾಯ ಪ್ರವಾಹವನ್ನು ಆರು ಡಯೋಡುಗಳು ಏಕಮುಖಗೊಳಿಸುತ್ತವೆ. ರೆಗ್ಯುಲೇಟರು ವಿದ್ಯುತ್ಕಾಂತದ ಪ್ರವಾಹವನ್ನು ಕಡಿಮೆ ಹೆಚ್ಚು ಮಾಡಿ, ಹೊರಬರುವ ಒತ್ತಡವನ್ನು 14 ವೋಲ್ಟಿಗೆ ತುಸು ಮೇಲೆ ಹಿಡಿದಿಡುತ್ತದೆ. ಚಾಲಕನ ಮುಂದಿನ ಫಲಕದಲ್ಲಿ ಬ್ಯಾಟರಿಯ ಚಿತ್ರವಿರುವ ಕೆಂಪು ದೀಪವನ್ನು ಅನೇಕರು ಬರಿಯ ಎಚ್ಚರಿಕೆಯ ದೀಪವೆಂದು ಭಾವಿಸುತ್ತಾರೆ. ಹಳೆಯ ವಾಹನಗಳಲ್ಲಿ ಅದಕ್ಕೆ ಇನ್ನೊಂದು ಕಾರ್ಯವುಂಟು: ವಿದ್ಯುತ್ಕಾಂತವನ್ನು ಮೊದಲು ಎಚ್ಚರಿಸುವ ಸಣ್ಣ ಪ್ರವಾಹ ಹರಿಯುವುದು ಆ ದೀಪದ ತಂತುವಿನ ಮೂಲಕವೇ. ದೀಪ ಸುಟ್ಟುಹೋಗಿದ್ದರೆ ಆಲ್ಟರ್ನೇಟರು ಎಚ್ಚರಗೊಳ್ಳದಿರಬಹುದು. ಕೀಲಿ ತಿರುಗಿಸಿದಾಗ ಆ ದೀಪ ಹೊತ್ತಬೇಕು, ಎಂಜಿನು ಹಿಡಿದ ಮೇಲೆ ಆರಬೇಕು. ಹತ್ತದೇ ಇರುವುದು ಶುಭಸೂಚನೆಯಲ್ಲ.

ಬೆಲ್ಟಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಎರಡು ಗಾಲಿಗಳ ನಡುವೆ ಹೆಬ್ಬೆರಳಿನಿಂದ ಅದುಮಿದಾಗ ಸುಮಾರು 10 ಮಿಲಿಮೀಟರು ಬಾಗಿದರೆ ಸರಿ. ಸಡಿಲವಿದ್ದರೆ ಹೊರೆ ಬಿದ್ದಾಗ ಜಾರುತ್ತದೆ, ಅತಿಬಿಗಿಯಿದ್ದರೆ ಬೇರಿಂಗು ಕೆಡುತ್ತದೆ.

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ನಮ್ಮ ವಾಹನದಲ್ಲಿ ಎಂಜಿನು ಓಡುತ್ತಿರುವಾಗ ಆಲ್ಟರ್ನೇಟರಿನ ತುದಿಯಲ್ಲಿ 14.1 ವೋಲ್ಟ್ ಇದ್ದಿತು. ಮಿಸ್ತ್ರಿ ಅದು ಸರಿಯಾಗಿದೆಯೆಂದದ್ದು ಈ ಅಳತೆಯನ್ನು ನೋಡಿಯೇ. ಆದರೆ ವಾಹನದ ಹಿಂಭಾಗದಲ್ಲಿದ್ದ ಎರಡನೆಯ ಬ್ಯಾಟರಿಯ ತುದಿಗಳಲ್ಲಿ ಅದೇ ಕ್ಷಣ ಕಂಡದ್ದು 13.1 ವೋಲ್ಟ್. ಒಂದು ವೋಲ್ಟ್ ದಾರಿಯಲ್ಲಿ ಕಳೆದುಹೋಗಿತ್ತು. ಅದು ಎಲ್ಲೆಲ್ಲಿ ಕಳೆಯಿತೆಂಬುದನ್ನು ಹುಡುಕುವ ಕ್ರಮ ಬಹಳ ಸರಳವಾದುದು, ಆದರೆ ಅನುಸರಿಸುವವರು ವಿರಳ. ವೋಲ್ಟ್‌ಮಾಪಕದ ಒಂದು ಮೊನೆಯನ್ನು ಆಲ್ಟರ್ನೇಟರಿನ ಧನತುದಿಗೂ ಇನ್ನೊಂದನ್ನು ಬ್ಯಾಟರಿಯ ಧನತುದಿಗೂ ಮುಟ್ಟಿಸಬೇಕು. ದೋಷವಿಲ್ಲದ ತಂತಿಯಲ್ಲಿ ಪ್ರವಾಹ ಹರಿಯುತ್ತಿರುವಾಗ ಮಾಪಕ ಶೂನ್ಯದ ಸಮೀಪದಲ್ಲಿರಬೇಕು. ಅದು ತೋರಿಸುವುದಷ್ಟೂ ದಾರಿಯ ಸುಂಕ. ಹಾಗೆಯೇ ಋಣತುದಿಗೂ ಎಂಜಿನಿನ ಲೋಹಕ್ಕೂ ನಡುವೆ ಅಳೆಯಬೇಕು. ಪ್ರವಾಹ ಹರಿಯದಿರುವಾಗ ಈ ಪರೀಕ್ಷೆಗೆ ಅರ್ಥವಿಲ್ಲವೆಂಬುದನ್ನು ವಿದ್ಯಾರ್ಥಿಗಳು ಓಮ್ ನಿಯಮದಿಂದ ಊಹಿಸಬಲ್ಲರು.

ನಾವು ಕಂಡದ್ದು ಹೀಗೆ. ಆಗ ಹರಿಯುತ್ತಿದ್ದ ಪ್ರವಾಹ 12 ಆಂಪೇರ್. ತಂತಿಯ ಅಡ್ಡಕೊಯ್ತ 6 ಚದರ ಮಿಲಿಮೀಟರು, ಉದ್ದ 7 ಮೀಟರು. ತಾಮ್ರದ ರೋಧಾಂಕದಿಂದ ಲೆಕ್ಕಹಾಕಿದರೆ ಅಂಥ ತಂತಿಯ ರೋಧ 0.020 ಓಮ್, ಒತ್ತಡದ ಇಳಿತ 0.24 ವೋಲ್ಟ್, ಅಳತೆಯಲ್ಲಿ ಕಂಡದ್ದು 0.2. ಎರಡು ಬ್ಯಾಟರಿಗಳು ಒಂದನ್ನೊಂದು ಬರಿದುಮಾಡದಿರಲೆಂದು ನಡುವೆ ಇಟ್ಟಿದ್ದ ಡಯೋಡು 0.6 ವೋಲ್ಟನ್ನು ನುಂಗುತ್ತಿತ್ತು. ಇದು ಅದರ ದೋಷವಲ್ಲ, ಸಿಲಿಕನ್ನಿನ ಸ್ವಭಾವ. ಉಳಿದ 0.2 ವೋಲ್ಟ್ ಹೋದದ್ದು ಋಣಭಾಗದಲ್ಲಿ. ಅಲ್ಲಿ ಅರ್ತಿಗೆಂದು ಬ್ಯಾಟರಿಯ ತಂತಿಯನ್ನು ಚಾಸಿಗೆ ಒಂದು ಬೋಲ್ಟಿನಿಂದ ಬಿಗಿದಿದ್ದರು. ಬೋಲ್ಟಿನ ಕೆಳಗೆ ಬಣ್ಣವೂ ತುಕ್ಕೂ ಇದ್ದವು.

ಒಂದು ವೋಲ್ಟ್ ಹೋದರೆ ಏನು ಮಹಾ ಎಂದು ಕೇಳಬಹುದು. ಬ್ಯಾಟರಿಯ ಸ್ವಂತ ಒತ್ತಡವೇ ಸುಮಾರು 12.7 ವೋಲ್ಟಿರುವಾಗ, ಅದರೊಳಕ್ಕೆ ಪ್ರವಾಹವನ್ನು ನೂಕುವುದು ಇವೆರಡರ ವ್ಯತ್ಯಾಸ ಮಾತ್ರ. 14.1 ವೋಲ್ಟಿನಲ್ಲಿ ಆ ವ್ಯತ್ಯಾಸ 1.4, 13.1ರಲ್ಲಿ ಬರಿಯ 0.4. ಮೂರನೆಯ ಎರಡು ಪಾಲಿಗಿಂತ ಹೆಚ್ಚು ನೂಕುಬಲ ಕಳೆದುಹೋಯಿತೆಂದಾಯಿತು. ರೆಗ್ಯುಲೇಟರಿಗಾದರೋ ಇದರ ಸುಳಿವಿಲ್ಲ. ಅದು ನೋಡುವುದು ತನ್ನ ಮನೆಬಾಗಿಲಿನ ಒತ್ತಡವನ್ನು, ಏಳು ಮೀಟರು ದೂರದ ಹಸಿವನ್ನಲ್ಲ. ತನ್ನಲ್ಲಿ 14.1 ಇದೆಯೆಂದು ಅದು ತೃಪ್ತಿಪಟ್ಟು ಕೈ ಹಿಡಿಯುತ್ತದೆ.

ರಾತ್ರಿಯ ಖರ್ಚನ್ನೂ ಲೆಕ್ಕಹಾಕಿದೆವು. ತಲಾ 2 ಆಂಪೇರಿನ ಎರಡು ಫ್ಯಾನು 8 ಗಂಟೆಗೆ 32 ಆಂಪೇರ್-ಗಂಟೆ, ದೀಪಗಳಿಗೆ 4, ಶೀತಪೆಟ್ಟಿಗೆಗೆ ಸರಾಸರಿ 2 ಆಂಪೇರಿನಂತೆ 12 ಗಂಟೆಗೆ 24, ಒಟ್ಟು 60. ಬ್ಯಾಟರಿಯ ಧಾರಣಶಕ್ತಿ 120. ಒಂದು ರಾತ್ರಿಗೆ ಸರಿಯಾಗಿ ಅರ್ಧ. ಮರುದಿನ ನಾಲ್ಕೈದು ಗಂಟೆ ವಾಹನ ಓಡಿದರೂ ಈ ಕ್ಷೀಣ ಒತ್ತಡದಲ್ಲಿ ಮರಳಿ ಸೇರುತ್ತಿದ್ದದ್ದು ಅದರಲ್ಲಿ ಅರ್ಧಕ್ಕಿಂತ ಕಡಿಮೆ. ಎರಡನೆಯ ರಾತ್ರಿ ಬೆಳಗಾಗುವ ಮೊದಲೇ ಫ್ಯಾನು ನಿಂತದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಇನ್ನೊಂದು ಮಾತನ್ನೂ ಇಲ್ಲಿ ಸೇರಿಸಬೇಕು. ಒತ್ತಡ ಸರಿಯಾಗಿದ್ದರೂ ಬ್ಯಾಟರಿಯು ಮೊದಲ ನೂರಕ್ಕೆ 80 ಭಾಗವನ್ನು ಮಾತ್ರ ಚುರುಕಾಗಿ ಕೊಳ್ಳುತ್ತದೆ. ಕೊನೆಯ 20 ಭಾಗಕ್ಕೆ ಮತ್ತೆ ಹಲವು ಗಂಟೆ ಬೇಕು. ಸಣ್ಣ ಸಣ್ಣ ಪ್ರಯಾಣಗಳಿಂದ ಬ್ಯಾಟರಿ ತುಂಬುವುದೆಂಬ ನಂಬಿಕೆ ಆದಕಾರಣ ಸುಳ್ಳು. ಹದಿನೈದು ದಿನಕ್ಕೊಮ್ಮೆಯಾದರೂ ಗೋಡೆಯ ವಿದ್ಯುತ್ತಿನಿಂದ ಪೂರ್ಣವಾಗಿ ತುಂಬುವುದು ಅವಶ್ಯ.

ಗೋಡೆಯ ವಿದ್ಯುತ್ತಿನ ವಿಷಯದಲ್ಲಿಯೇ ಎರಡನೆಯ ಕೇಡು ಅಡಗಿತ್ತು. ಹಳೆಯ ವಸತಿವಾಹನಗಳಲ್ಲಿ ಪರಿವರ್ತಕ ಮತ್ತು ಡಯೋಡುಗಳಿಂದಾದ ಸರಳ ಪೂರಣಯಂತ್ರ ಇರುತ್ತದೆ. ಅದು ಹಗಲೂ ರಾತ್ರಿಯೂ 13.8 ವೋಲ್ಟಿನ ಸುಮಾರಿನಲ್ಲಿ ಒಂದೇ ಸಮನೆ ಒತ್ತುತ್ತಿರುತ್ತದೆ. ಬರಿದಾದ ಬ್ಯಾಟರಿಯನ್ನು ಬೇಗ ತುಂಬಲು ಇದು ಸಾಲದು. ತುಂಬಿದ ಬ್ಯಾಟರಿಯನ್ನು ತಿಂಗಳುಗಟ್ಟಲೆ ಕಾಪಾಡಲು ಇದು ಅತಿಯಾಯಿತು. ಪೂರಣಕ್ಕೆ 14.4, ಕಾಪಿಗೆ 13.6 ವೋಲ್ಟ್ ಎಂಬುದು 27 ಡಿಗ್ರಿಯ ಲೆಕ್ಕ. ಉಷ್ಣತೆ ಏರಿದಂತೆ ರಾಸಾಯನಿಕ ಕ್ರಿಯೆ ಚುರುಕಾಗುವುದರಿಂದ ಕೋಶವೊಂದಕ್ಕೆ ಪ್ರತಿ ಡಿಗ್ರಿಗೆ 3 ಮಿಲಿವೋಲ್ಟಿನಂತೆ ಒತ್ತಡವನ್ನು ಇಳಿಸಬೇಕು. ಆರು ಕೋಶಗಳಿಗೆ ಇದು 18 ಮಿಲಿವೋಲ್ಟ್. ಬಾಗಿಲು ಮುಚ್ಚಿ ಬಿಸಿಲಿನಲ್ಲಿ ನಿಲ್ಲಿಸಿದ ವಾಹನದ ಬ್ಯಾಟರಿಪೆಟ್ಟಿಗೆ 45 ಡಿಗ್ರಿಗೆ ಏರಿದರೆ ಕಾಪಿನ ಒತ್ತಡ 13.3 ಮಾತ್ರ ಆಗಿರಬೇಕು. ಯಂತ್ರ ಅದರ ಮೇಲೆ ಅರ್ಧ ವೋಲ್ಟ್ ಹೆಚ್ಚಾಗಿ ಒತ್ತುತ್ತಿತ್ತು. ಇಂಗ್ಲೆಂಡಿನ ಅಥವಾ ಅಮೆರಿಕದ ತಂಪು ಸೀಮೆಯ ಕೈಪಿಡಿಯನ್ನು ನೋಡಿ ಹೊಂದಿಸಿದ ಅಂಕಿಗಳು ಚಿತ್ರದುರ್ಗದ ಬೇಸಗೆಗೆ ಒಪ್ಪುವುದಿಲ್ಲವೆಂಬುದು ಇದರಿಂದ ಸ್ಪಷ್ಟ. ಬಿಸಿಯಿಂದ ಆಗುವ ಹಾನಿ ಇಷ್ಟಕ್ಕೇ ಮುಗಿಯದು. ಉಷ್ಣತೆ 10 ಡಿಗ್ರಿ ಏರಿದಾಗಲೆಲ್ಲ ಬ್ಯಾಟರಿಯ ಆಯುಸ್ಸು ಸುಮಾರಾಗಿ ಅರ್ಧಕ್ಕೆ ಇಳಿಯುತ್ತದೆ, ತಾನೇ ಸೋರಿಹೋಗುವ ವೇಗ ಇಮ್ಮಡಿಯಾಗುತ್ತದೆ.

ಕುದಿದು ಹೋದ ನೀರನ್ನು ತುಂಬುವಾಗ ನಡೆದದ್ದನ್ನು ಹೇಳದೆ ಬಿಡುವಂತಿಲ್ಲ. ಮಟ್ಟ ಇಳಿದಿದೆಯೆಂದು ಕಂಡ ನಮ್ಮ ಚಾಲಕರು, ಒಳ್ಳೆಯ ಉದ್ದೇಶದಿಂದಲೇ, ಹತ್ತಿರದ ಕೊಳವೆಬಾವಿಯ ನೀರನ್ನು ಒಂದೆರಡು ಸಲ ತುಂಬಿಸಿದ್ದರು. ಯಾವ ನೀರಿನಲ್ಲಿ ಕರಗಿರುವ ಲವಣಗಳನ್ನು ಅಳೆಯಲು ನಾವು ಇನ್ನೂರು ಕಿಲೋಮೀಟರು ದೂರದಿಂದ ಬಂದಿದ್ದೆವೋ ಅದೇ ನೀರನ್ನು! ಕ್ಲೋರೈಡು ಫಲಕದ ಸೀಸವನ್ನು ಕೊರೆಯುತ್ತದೆ. ಕಬ್ಬಿಣದ ಅಂಶವು ಒಂದು ಫಲಕದಿಂದ ಇನ್ನೊಂದಕ್ಕೆ ಓಡಾಡಿ ಬ್ಯಾಟರಿಯನ್ನು ಒಳಗಿಂದೊಳಗೇ ಬರಿದುಮಾಡುತ್ತದೆ. ಬಟ್ಟಿಯಿಳಿಸಿದ ನೀರನ್ನಲ್ಲದೆ ಬೇರೆ ಯಾವುದನ್ನೂ ಹಾಕಕೂಡದು. ಅದನ್ನೂ ಪೂರಣ ಮುಗಿದ ಮೇಲೆ, ಫಲಕಗಳು ಮುಳುಗಿ ಅವುಗಳ ಮೇಲೆ 10ರಿಂದ 15 ಮಿಲಿಮೀಟರು ನಿಲ್ಲುವಂತೆ ತುಂಬಬೇಕು. ಮುಂಚೆಯೇ ತುಂಬಿದರೆ ಪೂರಣದಲ್ಲಿ ದ್ರಾವಣ ಉಬ್ಬಿ ಹೊರಚೆಲ್ಲುತ್ತದೆ. ಫಲಕಗಳೇ ಬತ್ತಲಾಗಿದ್ದರೆ ಮಾತ್ರ ಮೊದಲು ಅವು ಮುಳುಗುವಷ್ಟು ಹಾಕಿ ಅನಂತರ ಪೂರಣ ಮಾಡತಕ್ಕದ್ದು. ಆಮ್ಲವನ್ನು ಮತ್ತೆ ಹಾಕುವ ಅಭ್ಯಾಸವೂ ಕೆಲವೆಡೆ ಉಂಟು. ಆರಿಹೋಗುವುದು ನೀರೇ ಹೊರತು ಆಮ್ಲವಲ್ಲವಾದ್ದರಿಂದ, ಚೆಲ್ಲಿದ ಸಂದರ್ಭವೊಂದನ್ನು ಬಿಟ್ಟರೆ ಅದಕ್ಕೆ ಆಧಾರವಿಲ್ಲ.

ವಾಹನ ಬಳಕೆಯಿಲ್ಲದೆ ನಿಂತಾಗ ಸದ್ದಿಲ್ಲದೆ ಕದಿಯುವ ಸಣ್ಣ ಕಳ್ಳರೂ ಇದ್ದಾರೆ: ಗಡಿಯಾರ, ರೇಡಿಯೊ, ಅನಿಲಸೋರಿಕೆಯ ಸೂಚಕ, ಯಾರೋ ಎಂದೋ ಜೋಡಿಸಿ ಮರೆತ ಸ್ವಿಚ್ಚಿನ ದೀಪ. 50 ಮಿಲಿಆಂಪೇರ್ ಎಂದರೆ ಗಣನೆಗೆ ಬಾರದ ಪ್ರವಾಹವೆನಿಸುತ್ತದೆ. ಅದು ದಿನಕ್ಕೆ 1.2, ತಿಂಗಳಿಗೆ 36 ಆಂಪೇರ್-ಗಂಟೆ. ಆಲ್ಟರ್ನೇಟರಿನ ಡಯೋಡೊಂದು ಕೆಟ್ಟು ಹಿಮ್ಮುಖವಾಗಿ ಸೋರುತ್ತಿದ್ದರೂ ಹೀಗೆಯೇ ಆಗುತ್ತದೆ. ಎಲ್ಲವನ್ನೂ ಆರಿಸಿ, ಋಣತಂತಿಯನ್ನು ಕಳಚಿ, ಅದಕ್ಕೂ ಬ್ಯಾಟರಿಗೂ ನಡುವೆ ಆಂಪೇರ್‌ಮಾಪಕವನ್ನು ಸೇರಿಸಿ ನೋಡಿದರೆ ಕಳ್ಳತನ ಪತ್ತೆಯಾಗುವುದು. ಮಾಪಕ ಸೇರಿರುವಾಗ ಎಂಜಿನನ್ನು ಚಾಲೂ ಮಾಡಬಾರದು. ನೂರಾರು ಆಂಪೇರಿನ ಪ್ರವಾಹಕ್ಕೆ ಮಾಪಕ ಸುಡುತ್ತದೆ. ಡಯೋಡನ್ನು ಶಂಕಿಸಿದಾಗ, ಎಂಜಿನು ಓಡುತ್ತಿರುವಂತೆ ಬ್ಯಾಟರಿಯ ತುದಿಗಳಲ್ಲಿ ಪರ್ಯಾಯ ಒತ್ತಡವನ್ನು ಅಳೆಯಬೇಕು. ಅದು ಅರ್ಧ ವೋಲ್ಟನ್ನು ಮೀರಿದರೆ ಶಂಕೆ ಬಲವಾಯಿತು.

ಈ ಕೆಲಸಗಳಲ್ಲಿ ಅಪಾಯವಿಲ್ಲದಿಲ್ಲ. ಗಾಳಿಯಲ್ಲಿ ಜಲಜನಕ ನೂರಕ್ಕೆ 4 ಭಾಗವಾದರೆ ಕಿಡಿಯೊಂದಕ್ಕೆ ಸಿಡಿಯುತ್ತದೆ. ಜನ ಮಲಗುವ ಕೋಣೆಯಲ್ಲಿಯೇ, ಬೆಂಚಿನ ಕೆಳಗೆ, ತೆರೆದ ಕೋಶಗಳ ಬ್ಯಾಟರಿಯನ್ನಿಟ್ಟ ವಾಹನಗಳನ್ನು ನಾವು ಕಂಡಿದ್ದೇವೆ. ಅದಕ್ಕೆ ಹೊರಕ್ಕೆ ತೆರೆಯುವ ಗಾಳಿಕಿಂಡಿಯುಳ್ಳ ಪ್ರತ್ಯೇಕ ಪೆಟ್ಟಿಗೆ ಬೇಕೇ ಬೇಕು. ಬಿಚ್ಚುವಾಗ ಋಣತಂತಿಯನ್ನು ಮೊದಲು, ಕಟ್ಟುವಾಗ ಕೊನೆಗೆ. ಸ್ಪ್ಯಾನರು ಚಾಸಿಗೆ ತಗಲಿದರೂ ಕಿಡಿ ಹಾರದಿರುವುದು ಈ ಕ್ರಮದಿಂದ. ಆಮ್ಲ ಕಣ್ಣಿಗೆ ಹಾರಿದರೆ ಬಹಳ ಹೊತ್ತು ನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ತುದಿಗಳ ಮೇಲೆ ಬೆಳೆದ ನೀಲಿಬಿಳಿಯ ಕಿಟ್ಟವನ್ನು ಅಡಿಗೆಸೋಡದ ನೀರಿನಿಂದ ತೊಳೆದು, ಉಜ್ಜಿ, ಬಿಗಿದ ಮೇಲೆ ವ್ಯಾಸಲೀನು ಸವರಿದರೆ ಸಾಕು.

ಬ್ಯಾಟರಿಯೊಂದು ಅಕಾಲದಲ್ಲಿ ಸತ್ತರೆ ನಷ್ಟವಾಗುವುದು ಕೊಂಡವನ ಹಣ ಮಾತ್ರವಲ್ಲ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಹಳೆಯ ಬ್ಯಾಟರಿಯನ್ನು ಗುಜರಿಯವರು ಕೊಂಡು, ಎಲ್ಲಿಯೋ ಬಯಲಿನಲ್ಲಿ ಒಡೆದು, ಆಮ್ಲವನ್ನು ಮಣ್ಣಿಗೆ ಚೆಲ್ಲಿ, ಸೀಸವನ್ನು ಬೆಂಕಿಯಲ್ಲಿ ಕರಗಿಸುವುದು ನಮ್ಮ ದೇಶದಲ್ಲಿ ನಿಂತಿಲ್ಲ. ಆ ಹೊಗೆಯನ್ನು ಉಸಿರಾಡುವ ಮಕ್ಕಳ ಮಿದುಳಿನ ಬೆಳವಣಿಗೆಯೇ ಕುಂಠಿತವಾಗುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶರು ಸೀಸವಿಷದ ಕಡೆಗೆ ದೇಶದ ಗಮನವನ್ನು ಸೆಳೆಯಲು ದಶಕಗಳ ಕಾಲ ಶ್ರಮಿಸಿದವರು. ಹಳೆಯ ಬ್ಯಾಟರಿಯನ್ನು ಮರಳಿ ಪಡೆಯುವ ಹೊಣೆಯನ್ನು 2001ರ ನಿಯಮಗಳು ತಯಾರಕರ ಮೇಲೆ ಹೊರಿಸಿದವು. ಅವುಗಳ ಸ್ಥಾನದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದಿವೆ. ಕಾಲೇಜುಗಳು ಹಳೆಯ ಬ್ಯಾಟರಿಯನ್ನು ಹರಾಜಿನ ಗುಜರಿಯೊಂದಿಗೆ ಹಾಕದೆ, ಹೊಸದನ್ನು ಕೊಳ್ಳುವ ಅಂಗಡಿಗೇ ಕೊಟ್ಟು ರಶೀದಿ ಪಡೆಯುವುದು ಉಚಿತ.

ನಮ್ಮ ವಾಹನದಲ್ಲಿ ಮಾಡಿದ ಬದಲಾವಣೆಗಳು ಕೆಲವೇ. 6 ಚದರ ಮಿಲಿಮೀಟರಿನ ತಂತಿಯ ಬದಲು 25ರದನ್ನು ಎಳೆದು, ಎರಡು ಬ್ಯಾಟರಿಗಳ ಬಳಿಯೂ ಒಂದೊಂದು ಫ್ಯೂಸನ್ನು ಹಾಕಿದೆವು. ಡಯೋಡಿನ ಸ್ಥಾನದಲ್ಲಿ, ಎಂಜಿನು ಓಡುವಾಗ ಮಾತ್ರ ಕೂಡಿಕೊಳ್ಳುವ ರಿಲೇಯನ್ನು ಇಟ್ಟೆವು. ಅರ್ತಿನ ಜಾಗವನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿಸಿ, ಅಲ್ಲಿಂದ ಎಂಜಿನಿಗೆ ಬೇರೆ ತಂತಿಯನ್ನು ಕೊಟ್ಟೆವು. ಹಿಂದಿನ ಬ್ಯಾಟರಿಯಲ್ಲಿ ಈಗ 13.9 ವೋಲ್ಟ್ ಸಿಕ್ಕುತ್ತದೆ. ಎಂಜಿನು ಚಾಲೂ ಮಾಡುವುದಕ್ಕಾಗಿಯೇ ತೆಳು ಫಲಕಗಳಿಂದ ಮಾಡಿದ ಬ್ಯಾಟರಿಯನ್ನು ಮನೆಬಳಕೆಗೆ ಹಾಕಿದ್ದು ಮೊದಲಿನ ತಪ್ಪುಗಳಲ್ಲೊಂದು. ಅದರ ಬದಲು, ಮನೆಗಳ ಇನ್ವರ್ಟರಿಗೆ ಬಳಸುವ, ಕೊಳವೆಯಾಕಾರದ ಧನಫಲಕಗಳುಳ್ಳ ಟ್ಯೂಬುಲರ್ ಬ್ಯಾಟರಿ ಎಲ್ಲ ಊರಿನಲ್ಲಿಯೂ ಸಿಕ್ಕುತ್ತದೆ, ಆಳವಾದ ವಿಸರ್ಜನೆಯನ್ನು ತಾಳುತ್ತದೆ. ಎತ್ತರವೂ ತೂಕವೂ ಹೆಚ್ಚಾದ್ದರಿಂದ ಅದನ್ನು ಅಲುಗದಂತೆ ಪಟ್ಟಿಯಿಂದ ಬಿಗಿಯುವುದು ಮುಖ್ಯ. ಪೂರಣಯಂತ್ರವನ್ನು ಬದಲಾಯಿಸಿ, ಮೂರು ಹಂತಗಳಲ್ಲಿ ಕೆಲಸಮಾಡುವ, ಬ್ಯಾಟರಿಯ ಉಷ್ಣತೆಯನ್ನು ತಂತಿಯ ಮೂಲಕ ತಿಳಿದುಕೊಳ್ಳುವಂಥದನ್ನು ತಂದೆವು. ಛಾವಣಿಯ ಮೇಲೆ 100 ವಾಟಿನ ಒಂದು ಸೌರಫಲಕವಿದೆ. ಈ ಸೀಮೆಯ ಒಳ್ಳೆಯ ಬಿಸಿಲಿನಲ್ಲಿ ಅದು ದಿನಕ್ಕೆ ಸುಮಾರು 30 ಆಂಪೇರ್-ಗಂಟೆ ಕೊಡುವುದರಿಂದ, ರಾತ್ರಿಯ ಖರ್ಚಿನ ಅರ್ಧವೂ ನಿಂತ ದಿನಗಳ ಸೋರಿಕೆಯೂ ಅದರಿಂದಲೇ ತೀರುತ್ತವೆ. ಲಿಥಿಯಂ ಬ್ಯಾಟರಿಯನ್ನು ಹಾಕಬಾರದೇಕೆಂದು ಕೇಳಿದವರುಂಟು. ಹಾಕಬಹುದು, ಆದರೆ ಅದು ಕೊಟ್ಟಷ್ಟು ಪ್ರವಾಹವನ್ನೂ ನುಂಗುವುದರಿಂದ, ಪ್ರವಾಹಕ್ಕೆ ಮಿತಿ ಹಾಕುವ ಸಾಧನವಿಲ್ಲದೆ ನೇರವಾಗಿ ಜೋಡಿಸಿದರೆ ಹಳೆಯ ಆಲ್ಟರ್ನೇಟರು ಕಾದು ಸುಡುತ್ತದೆ.

ಬ್ಯಾಟರಿಪೆಟ್ಟಿಗೆಯ ಬಾಗಿಲಿಗೆ ದಾರದಿಂದ ಒಂದು ನೋಟ್‌ಬುಕ್ಕನ್ನು ಕಟ್ಟಿದ್ದೇವೆ. ತಿಂಗಳಿಗೊಮ್ಮೆ ಬೆಳಗ್ಗೆ, ಎಂಜಿನನ್ನು ಮುಟ್ಟುವ ಮೊದಲು, ಆರು ಕೋಶಗಳ ಸಾಂದ್ರತೆಯನ್ನೂ ಉಷ್ಣತೆಯನ್ನೂ ವಿಶ್ರಾಂತಿಯ ಒತ್ತಡವನ್ನೂ ವಿದ್ಯಾರ್ಥಿಗಳು ಅದರಲ್ಲಿ ಬರೆಯುತ್ತಾರೆ. ಕೋಶಗಳೆಲ್ಲ ಒಂದೇ ಅಂಕಿಯ ಸುತ್ತ ಇದ್ದರೆ ಚಿಂತೆಯಿಲ್ಲ. ಒಂದು ಕೋಶ ಉಳಿದವುಗಳಿಗಿಂತ 0.050ರಷ್ಟು ಕೆಳಗಿಳಿದರೆ ಅದು ರೋಗದ ಲಕ್ಷಣ. ಕಳೆದ ಮೂರು ತಿಂಗಳಿಂದ ಮೂರನೆಯ ಕೋಶ 0.020, 0.025, 0.030ರಷ್ಟು ಹಿಂದೆ ಬಿದ್ದಿದೆ. ಮುಂದಿನ ಕ್ಷೇತ್ರಕಾರ್ಯಕ್ಕೆ ಹೊರಡುವ ಮೊದಲು ಅದಕ್ಕೆ ಒಂದು ದೀರ್ಘ ಪೂರಣವನ್ನು ಕೊಟ್ಟು ನೋಡುವವರಿದ್ದೇವೆ.